ಭೀಮೆಯ ತವರಿನಲ್ಲಿ ಒಂದು ರಾತ್ರಿ

ನಾನು 1999ರಲ್ಲಿ ಹಡಪಸರಕ್ಕೆ ಬಂದಾಗ ಮಗರಪಟ್ಟಾ ಕಡೆ ಇನ್ನೂ ಕಬ್ಬಿನ ಹೊಲಗಳಿದ್ದವು. ಈಗ ಎಲ್ಲಿ ನೋಡಿದರೂ ಕಟ್ಟಡ, ಕಟ್ಟಡದ ತುಂಬ ದೀಪ. ಆಕಾಶ ಅಂತ ಒಂದಿದೆ ಎನ್ನುವುದೇ ಮರೆತುಹೋಗಿತ್ತು ನೋಡಿ... ನೆನಪಿಸಿದ್ದು ಅಪ್ಪ.

ಅವ್ವ ತೀರಿಕೊಂಡ ಮೇಲೆ ಅಪ್ಪ ಅಫಜಲಪುರ ತಾಲೂಕಿನ ನಮ್ಮ ಹಳ್ಳಿಯಲ್ಲಿ ಒಬ್ಬನೇ ಇದ್ದ. ಕಣ್ಣಿಗೆ ಪೊರೆ ಬಂದಿತ್ತು. 2023ರ ದೀಪಾವಳಿಗೆ ಮೊದಲೇ ಇಲ್ಲಿಗೆ ಕರೆತಂದು ಆಪರೇಷನ್ ಮಾಡಿಸಿದೆ. ಭೀಮೆಯ ದಂಡೆಯ ನಾಲ್ಕೆಕರೆ ಮಾರಿ ಅಪ್ಪನನ್ನು ಇಲ್ಲೇ ಇಟ್ಟುಕೊಳ್ಳುವುದು ನನ್ನ ಲೆಕ್ಕಾಚಾರ. ಹೇಳಲು ಧೈರ್ಯವಿರಲಿಲ್ಲ ಅಷ್ಟೆ.

ಒಂದು ರಾತ್ರಿ ಬಾಲ್ಕನಿಯಲ್ಲಿ ನಿಂತು ಅಪ್ಪ ಕೇಳಿದ, "ತಮ್ಮಾ, ನಿಮ್ಮೂರಾಗ ಚುಕ್ಕಿ ಮೂಡಂಗಿಲ್ಲೇನು? ಇಲ್ಲಾ ನನ್ನ ಕಣ್ಣೇ ಇನ್ನಾ ಸುದ್ದ ಆಗಿಲ್ಲೋ?"

ಕಣ್ಣು ಸರಿಯಿದೆ ಎಂದು ತೋರಿಸಲಿಕ್ಕಾದರೂ ಕತ್ತಲು ಬೇಕಲ್ಲ! ಪೇಂಚ್ ಹುಲಿ ಅಭಯಾರಣ್ಯಕ್ಕೆ 2024ರ ಜನವರಿಯಲ್ಲಿ ಭಾರತದ ಮೊದಲ 'ಡಾರ್ಕ್ ಸ್ಕೈ ಪಾರ್ಕ್' ಎಂಬ ಮನ್ನಣೆ ಸಿಕ್ಕಿತು. ಆದರೆ ಅದಿರುವುದು ನಾಗಪುರದ ಆಚೆ. ನಾನು ಆರಿಸಿದ್ದು ಭೀಮಾಶಂಕರ. ಡಿಸೆಂಬರಿನಲ್ಲಿ, ಅಮಾವಾಸ್ಯೆ ಹತ್ತಿರದ ಶನಿವಾರ ಹೊರಟೆವು. ರಾಜಗುರುನಗರ, ಮಂಚರ ದಾಟಿ ಸುಮಾರು ನೂರಿಪ್ಪತ್ತು ಕಿಲೋಮೀಟರು.

ಸಹ್ಯಾದ್ರಿಯ ನೆತ್ತಿಯಲ್ಲಿ, ಮೂರು ಸಾವಿರ ಅಡಿಗೂ ಎತ್ತರದಲ್ಲಿರುವ ಈ ಕಾಡು 1985ರಲ್ಲಿ ಅಭಯಾರಣ್ಯವಾಯಿತು. ಸುಮಾರು 130 ಚದರ ಕಿಲೋಮೀಟರು. ಮಹಾರಾಷ್ಟ್ರದ ರಾಜ್ಯಪ್ರಾಣಿ ಶೇಕರು, ಅಂದರೆ ನಮ್ಮ ಕೆಂದಳಿಲು, ಇಲ್ಲಿನದೇ. ಒಂದು ಕೊಂಬೆಯಿಂದ ಕೊಂಬೆಗೆ ಹಾರಿದ್ದನ್ನು ನನಗಿಂತ ಮೊದಲು ಅಪ್ಪನೇ ಕಂಡ. ಆಪರೇಷನ್ ಪಾಸು ಅಂದುಕೊಂಡೆ!

ಜ್ಯೋತಿರ್ಲಿಂಗದ ದರ್ಶನ ಮುಗಿಸಿ ಕಾಡುದಾರಿಯಲ್ಲಿ ಗುಪ್ತ ಭೀಮೆಯತ್ತ ನಡೆದೆವು. ನಾನು ಏದುಸಿರು ಬಿಡುತ್ತಿದ್ದೆ, ಎಪ್ಪತ್ನಾಲ್ಕರ ಅಪ್ಪ ಮುಂದೆ ಹೋಗಿ ನಿಂತು ಕಾಯುತ್ತಿದ್ದ. ನೀರು ಬಂಡೆಗಳ ನಡುವೆ ಸಣ್ಣಗೆ ಜಿನುಗುತ್ತಿತ್ತು. ಮಳೆಗಾಲದಲ್ಲಿ ನಮ್ಮ ಹೊಲ ನುಂಗುವ ಹೊಳೆ ಇದೇನಾ? ಅಪ್ಪ ಚಪ್ಪಲಿ ಬಿಟ್ಟು ಬೊಗಸೆ ನೀರು ತಲೆಗೆ ಹಾಕಿಕೊಂಡ. "ಇಲ್ಲಿ ಎಷ್ಟು ತಿಳಿ ಅದ ನೋಡು. ನಮ್ಮೂರಿಗಿ ಬರೋತನಕ ಏನಾಗ್ತದೋ."

ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಪುಣೆಯ ಕೊಳೆಯನ್ನೆಲ್ಲ ಹೊತ್ತ ಮುಳಾ-ಮುಠಾ ನಮ್ಮ ಪಕ್ಕದ ಮುಂಢವಾ, ಮಾಂಜರಿ ದಾಟಿ ದೌಂಡ್ ತಾಲೂಕಿನಲ್ಲಿ ಭೀಮೆಯನ್ನು ಕೂಡುತ್ತದೆ. ಅಲ್ಲಿಂದ ಉಜನಿ, ಆಮೇಲೆ ನಮ್ಮೂರು. ಅಂದರೆ ಇಷ್ಟು ವರ್ಷ ನಾನು ಊರಿಗೆ ಹಣ ಒಂದೇ ಕಳಿಸಿಲ್ಲ! ಅಪ್ಪನಿಗೆ ಇದನ್ನು ಹೇಳಲಿಲ್ಲ.

ರಾತ್ರಿ ಕಾಡಿನ ಹೊರಗೆ ಒಬ್ಬ ರೈತರ ಮನೆಯಲ್ಲಿ ಉಳಿದೆವು. ಪಿಠಲೆ-ಭಾಕರಿ ಉಂಡು, ಕಂಬಳಿ ಹೊದ್ದು ಅಂಗಳಕ್ಕೆ ಬಂದರೆ... ಅಬ್ಬಾ! ಆಗ್ನೇಯಕ್ಕೆ ಪುಣೆಯ ಮಾಸಲು ಬೆಳಕು ಬಿಟ್ಟರೆ ಉಳಿದದ್ದೆಲ್ಲ ಚುಕ್ಕಿ.

"ಕೃತ್ತಿಕಾ ಎಷ್ಟು ಕಾಣ್ತಾವ ಹೇಳು," ಅಂದ ಅಪ್ಪ. ಚಿಕ್ಕಂದಿನಲ್ಲಿ ಹೊಲದ ಅಟ್ಟಣಿಗೆಯ ಮೇಲೆ ಮಲಗಿಸಿಕೊಂಡು ಕೇಳುತ್ತಿದ್ದ ಅದೇ ಪ್ರಶ್ನೆ. ಕನ್ನಡಕ ಒರೆಸಿಕೊಂಡು ನೋಡಿದೆ, ಐದು. ಅಪ್ಪ ಆರು ಎಣಿಸಿದ.

ಪೂರ್ವದಿಂದ ಮೃಗಶಿರದ ಮೂರು ಚುಕ್ಕಿ ಮೇಲೇರುತ್ತಿದ್ದವು. "ಅವು ನೆತ್ತಿಮ್ಯಾಲ ಬಂದ್ರ ನಡುರಾತ್ರಿ. ಆಗ ಎದ್ದು ಜೋಳದಾಗ ಒಂದು ಸುತ್ತು ಹಾಕ್ತಿದ್ದೆ, ಹಂದಿ ಬಂದಾವೇನಂತ," ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಣ್ಣು ಬಂತಲ್ಲ ತಮ್ಮಾ, ಇನ್ನ ನಾ ಊರಿಗಿ ಹೋಗ್ತೀನಿ," ಅಂದ.

ಹೊಲ ಮಾರುವ ಮಾತು ಗಂಟಲಲ್ಲೇ ಉಳಿಯಿತು. "ಆಯ್ತು ಅಪ್ಪಾ," ಅಂದೆ. ಆಮೇಲೂ ಆ ಮಾತು ಎತ್ತಲಿಲ್ಲ. ನಾನು ಮಾಡಿದ್ದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ. ಒಬ್ಬನೇ ಇರುವ ಅಪ್ಪನ ಫೋನು ಹತ್ತದಿದ್ದರೆ ಎದೆ ಧಸಕ್ಕೆನ್ನುತ್ತದೆ. ಊರು ಬಿಟ್ಟು ಬಂದ ನಿಮಗೆ ಇದು ಗೊತ್ತಿರದ್ದೇನಲ್ಲ.

ಚಳಿಗಾಲದಲ್ಲಿ ಮಾತ್ರ ಅಪ್ಪ ಫೋನಿನಲ್ಲಿ ಮೊದಲು ಕೇಳುವುದು, "ಮೂರು ಚುಕ್ಕಿ ಕಾಣ್ತಾವೇನು?"

ಬಾಲ್ಕನಿಗೆ ಹೋಗಿ ನೋಡುತ್ತೇನೆ. ಹಡಪಸರದ ಇಷ್ಟೆಲ್ಲ ಬೆಳಕಿನಲ್ಲೂ ಅವು ಮೂರು ಹೇಗೋ ಕಾಣುತ್ತವೆ.

"ಕಾಣ್ತಾವ ಅಪ್ಪಾ," ಅನ್ನುತ್ತೇನೆ.