ಮೊದಲು ಹುರಿ, ಆಮೇಲೆ ಹಗ್ಗ

ಹರಿಹರದ ಬಳಿ ತುಂಗಭದ್ರೆಯನ್ನು ದಾಟಿ ರಾಣೆಬೆನ್ನೂರು ಸೀಮೆಗೆ ಕಾಲಿಟ್ಟ ಪ್ರಯಾಣಿಕನನ್ನು ಶ್ರಾವಣದಲ್ಲಿ ಮೊದಲು ಎದುರುಗೊಳ್ಳುವುದು ಹಸಿರು. ಹೊಲಗಳಲ್ಲಿ ಗೋವಿನಜೋಳ ಆಳೆತ್ತರಕ್ಕೆ ನಿಂತಿರುತ್ತದೆ. ನಡುನಡುವೆ ಹತ್ತಿ, ಶೇಂಗಾ. ಮೇಲೆ ಜಿಟಿಜಿಟಿ ಮಳೆ. ನಾಗರ ಪಂಚಮಿ ಸಮೀಪಿಸಿದ್ದರೆ ಎರಡನೆಯದೊಂದು ನೋಟವೂ ಉಂಟು. ಊರಂಚಿನ ಬೇವು, ಹುಣಸೆಗಳ ಎತ್ತರದ ಕೊಂಬೆಗಳಿಂದ ಜೋಕಾಲಿಗಳು ಇಳಿಬಿದ್ದಿರುತ್ತವೆ. ಒಂದೊಂದರ ಸುತ್ತಲೂ ಒಂದು ಸಣ್ಣ ಜಾತ್ರೆ ನೆರೆದಿರುತ್ತದೆ.

ಇಲ್ಲಿಯ ಜನ ಎಂಥ ಹೆಮ್ಮರವನ್ನೂ ‘ಗಿಡ’ ಎಂದೇ ಕರೆಯುವರು. ಮೂರು ತಲೆಮಾರು ಕಂಡ ಹುಣಸೆಯೂ ಇವರಿಗೆ ಹುಣಸಿಗಿಡವೇ. ಆ ಸಲಿಗೆಗೆ ತಕ್ಕಂತೆ ಪಂಚಮಿಯ ನಾಲ್ಕು ದಿನ ಗಿಡವೂ ಮನೆಯವರಲ್ಲಿ ಒಂದಾಗಿಬಿಡುತ್ತದೆ. ತವರಿಗೆ ಬಂದ ಹೆಣ್ಣುಮಕ್ಕಳು ಉಂಡಿ, ಅಳ್ಳಿಟ್ಟುಗಳ ರುಚಿ ಮುಗಿಸಿ ಜೋಕಾಲಿಯತ್ತ ನಡೆಯುವರು. ಗಂಡುಹುಡುಗರು ನಿಂಬೆಹಣ್ಣನ್ನು ಇಷ್ಟೇ ಎಸೆತಗಳಲ್ಲಿ ಇಂಥ ಸ್ಥಳಕ್ಕೆ ಮುಟ್ಟಿಸುವೆವೆಂದು ಪಣ ಕಟ್ಟುವರು. ಎಸೆಯುವ ವಿದ್ಯೆ ಈ ಸೀಮೆಗೆ ಹೊಸದೇನಲ್ಲ.

ಜೋಕಾಲಿ ಜೀಕುವುದನ್ನು ನೋಡಿ ನಲಿಯುವವರು ಬಹಳ ಮಂದಿ. ಮೂವತ್ತು ಅಡಿ ಎತ್ತರದ ಕೊಂಬೆಯ ಮೇಲಕ್ಕೆ ಆ ಹಗ್ಗ ಹೇಗೆ ಏರಿತೆಂದು ಕೇಳುವವರು ವಿರಳ. ಸಾಮಾನ್ಯವಾಗಿ ಒಬ್ಬ ಚುರುಕಾದ ಹುಡುಗ ಹೆಗಲಿಗೆ ಹಗ್ಗ ಹಾಕಿಕೊಂಡು ಬರಿಗಾಲಿನಲ್ಲಿ ಏರುತ್ತಾನೆ. ಮಳೆ ನೆನೆದ ತೊಗಟೆ ಜಾರುತ್ತದೆ. ಅವನಿಗೆ ಆಧಾರವಾಗಿ ಮೇಲೆ ಏನೂ ಇರುವುದಿಲ್ಲ. ಜೀಕುವವರ ಕ್ಷೇಮಕ್ಕಾಗಿ ಕಟ್ಟುವ ಹಗ್ಗವನ್ನು ಕಟ್ಟುವವನಿಗೇ ಕ್ಷೇಮವಿಲ್ಲ! ಇದಕ್ಕಿಂತ ಜಾಣತನದ ದಾರಿಯೊಂದುಂಟು. ತೆಳು ಹುರಿಯ ತುದಿಗೆ ತೂಕ ಕಟ್ಟಿ ನೆಲದಿಂದಲೇ ಕೊಂಬೆಯ ಮೇಲೆ ಹಾಯಿಸುವುದು. ಆಚೆ ಇಳಿದ ತೂಕವನ್ನು ಬಿಚ್ಚಿ ಹುರಿಗೆ ಹಗ್ಗವನ್ನು ಜೋಡಿಸಿ ಎಳೆದುಕೊಳ್ಳುವುದು. ಮರಕ್ಕೆ ಏರಬೇಕಾದುದು ಮೊದಲು ಹುರಿ, ಆಮೇಲೆ ಹಗ್ಗ, ಕಟ್ಟಕಡೆಗೆ ಮನುಷ್ಯ.

ಮರವೇರುವುದನ್ನೇ ವಿನೋದದ ಕ್ರೀಡೆಯಾಗಿ ಬೆಳೆಸಿದವರು ಈ ಹುರಿಯನ್ನು ಒಂದು ಶಾಸ್ತ್ರವನ್ನಾಗಿಯೇ ಮಾಡಿದ್ದಾರೆ. ಅಮೆರಿಕದ ಅಟ್ಲಾಂಟಾ ನಗರದಲ್ಲಿ ಪೀಟರ್ ಜೆಂಕಿನ್ಸ್ ಎಂಬ ಮರಗೆಲಸಗಾರರು 1983ರಲ್ಲಿ ‘ಟ್ರೀ ಕ್ಲೈಂಬರ್ಸ್ ಇಂಟರ್‌ನ್ಯಾಷನಲ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿ ಗೃಹಸ್ಥರಿಗೂ ಮಕ್ಕಳಿಗೂ ಹಗ್ಗದ ಆಧಾರದಿಂದ ಮರವೇರುವುದನ್ನು ಕಲಿಸತೊಡಗಿದರು. ಅಲ್ಲಿಯವರು ‘ಥ್ರೋ ಲೈನ್’ ಎನ್ನುವುದು ನಮ್ಮ ಎಸೆಯುವ ಹುರಿಯನ್ನೇ. ಅದರ ದಪ್ಪ ಸುಮಾರು 2 ಮಿಲಿಮೀಟರು, ಉದ್ದ 50ರಿಂದ 60 ಮೀಟರು. ಇಷ್ಟುದ್ದ ಏಕೆಂದರೆ ಏರಿದ್ದು ಇಳಿಯಲೂ ಬೇಕು, ಎಳೆಯುವವನ ಕೈಯಲ್ಲೂ ಉಳಿಯಬೇಕು. ಕೊಂಬೆಯ ಎತ್ತರದ ಮೂರು ಪಾಲು ಹುರಿಯಿದ್ದರೆ ನಿಶ್ಚಿಂತೆ.

ಯಾವ ಹುರಿಯಾದರೂ ಆದೀತೆ? ಬ್ಯಾಡಗಿಯ ಪೇಟೆಯಲ್ಲಿ ಕ್ಷಣಹೊತ್ತು ನಿಂತರೆ ಉತ್ತರ ಸಿಕ್ಕುತ್ತದೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕೆಂಪು ಮೆಣಸಿನಕಾಯಿಯ ಈ ಊರಿನಲ್ಲಿ ಚೀಲ ಹೊಲಿಯುವ ಸುತಳಿಗೆ ಬರವಿಲ್ಲ. ಆದರೆ ಸುತಳಿಗೆ ಮೈತುಂಬ ನವಿರು. ಒರಟು ತೊಗಟೆಯನ್ನು ಕಂಡೊಡನೆ ಅಪ್ಪಿಕೊಂಡುಬಿಡುತ್ತದೆ, ನೀರು ಕುಡಿದು ಭಾರವಾಗುತ್ತದೆ. ನೈಲಾನ್ ಹುರಿ ನುಣುಪಾದರೂ ರಬ್ಬರಿನಂತೆ ಹಿಗ್ಗುವ ಸ್ವಭಾವದ್ದು. ಸಿಕ್ಕಿಬಿದ್ದ ತೂಕವನ್ನು ಅದರಿಂದ ಜಗ್ಗಿದರೆ ಕಳಚಿಕೊಂಡ ತೂಕ ಎಳೆದವನ ಮುಖಕ್ಕೇ ಹಾರಿ ಬರುತ್ತದೆ. ಪ್ಲಾಸ್ಟಿಕ್ಕಿನ ಅಗ್ಗದ ಹುರಿ ಬಿಸಿಲಿನಲ್ಲಿ ಬೇಗ ಪುಡಿಯಾಗುತ್ತದೆ. ಹಿಗ್ಗದ, ನೀರು ಹೀರದ, ಜಾರುವ ಮೈಯ, ಎಲೆಗಳ ನಡುವೆ ಎದ್ದು ಕಾಣುವ ಹಳದಿ ಇಲ್ಲವೆ ಕಿತ್ತಳೆ ಬಣ್ಣದ ಹೆಣೆದ ಹುರಿಯೇ ಉತ್ತಮ. ಡೈನೀಮಾ ಎಂಬ ಎಳೆಯಿಂದ ಹೆಣೆದವು ಈ ಗುಣಗಳಿಗಾಗಿಯೇ ಹೆಸರಾಗಿವೆ, ಬೆಲೆ ಹೆಚ್ಚು. ಎಷ್ಟು ಗಟ್ಟಿಯಾಗಿದ್ದರೂ ಈ ಹುರಿ ಮನುಷ್ಯನ ಭಾರಕ್ಕಲ್ಲ. ಹಗ್ಗವನ್ನು ಮೇಲೆ ಕರೆದೊಯ್ಯುವಲ್ಲಿಗೆ ಅದರ ಕೆಲಸ ಮುಗಿಯಿತು.

ತುದಿಯ ತೂಕ ಕಲ್ಲಾಗಿರಬಾರದು. ಕವಣೆಯಿಂದ ಹಕ್ಕಿ ಓಡಿಸಿದ ಕೈಗೆ ಕಲ್ಲೇ ಸಹಜ; ಆದರೆ ಕಟ್ಟು ಸಡಿಲಿದ ಕಲ್ಲು ಯಾರ ತಲೆಯ ಮೇಲೆ ಬಿದ್ದೀತೆಂದು ಹೇಳಬಲ್ಲವರಾರು? ಸೀಸ ಅಥವಾ ಉಕ್ಕಿನ ಗುಂಡು ತುಂಬಿ ಹೊಲಿದ, ಲಿಂಬೆಕಾಯಿಗಿಂತ ತುಸು ಉದ್ದನೆಯ ಚೀಲವನ್ನು ಬಲ್ಲವರು ಬಳಸುತ್ತಾರೆ. ತೂಕ ಸುಮಾರು 225 ಗ್ರಾಮಿನಿಂದ 450 ಗ್ರಾಮಿನವರೆಗೆ. ಹಗುರಾದ ಚೀಲ ಎತ್ತರಕ್ಕೆ ಹಾರುತ್ತದೆ, ಆದರೆ ಒರಟು ತೊಗಟೆಯ ಮೇಲೆ ಹುರಿಯನ್ನೆಳೆದು ಕೆಳಗಿಳಿಯಲಾರದೆ ನಡುವೆಯೇ ನೇತಾಡುತ್ತದೆ. ಭಾರದ್ದು ಲೀಲಾಜಾಲವಾಗಿ ಇಳಿಯುತ್ತದೆ, ಎತ್ತರ ಮುಟ್ಟುವುದೇ ಕಷ್ಟ. ನುಣ್ಣನೆಯ ನೀಲಗಿರಿಗೆ ಹಗುರಾದುದು, ಬಿರುಕು ತೊಗಟೆಯ ಹುಣಸೆಗೆ ಭಾರವಾದುದು ಎಂದು ಮರ ನೋಡಿ ಆರಿಸಬೇಕು.

ಹುರಿಯ ನಿಜವಾದ ಕಷ್ಟವಿರುವುದು ಎಸೆತದಲ್ಲಿ ಅಲ್ಲ, ಅದನ್ನು ಇಟ್ಟುಕೊಳ್ಳುವುದರಲ್ಲಿ. ಮೊಳಕೈಗೂ ಅಂಗೈಗೂ ಸುತ್ತಿ ಸಿಂಬಿ ಮಾಡಿಡುವುದು ಎಲ್ಲರ ರೂಢಿ. ಒಂದೊಂದು ಸುತ್ತಿಗೂ ಹುರಿಯ ಮೈಯಲ್ಲಿ ಒಂದು ತಿರುಚು ಸೇರುತ್ತದೆ. ಎಸೆದಾಗ ಆ ತಿರುಚುಗಳೆಲ್ಲ ಒಟ್ಟಿಗೆ ಎದ್ದು ನಿಂತು ಗೂಡು ಕಟ್ಟಿಕೊಳ್ಳುತ್ತವೆ. ಅರ್ಧ ಗಂಟೆಯ ಸಿಕ್ಕು ಬಿಡಿಸುವ ಈ ತಪಸ್ಸಿನಿಂದ ಪಾರಾಗಲು ಬುಟ್ಟಿಯೊಂದೇ ಸಾಕು. ಸುತ್ತದೆ, ಮಡಿಸದೆ, ಕೈಯಿಂದ ಕೈಗೆ ಎಳೆಯುತ್ತ ಬುಟ್ಟಿಯೊಳಕ್ಕೆ ಸುಮ್ಮನೆ ಬಿಡುತ್ತ ಹೋದರೆ ಕೊನೆಗೆ ಬಿದ್ದ ತುದಿಯೇ ಮೊದಲು ಹೊರಡುತ್ತದೆ, ಒಂದೂ ಗಂಟಾಗದು. ಬಟ್ಟೆಯ ಮಡಿಸುವ ಪೆಟ್ಟಿಗೆಗಳೂ ಮಾರಾಟಕ್ಕಿವೆ. ಸಂತೆಯ ಬುಟ್ಟಿ ಅದಕ್ಕೇನೂ ಕಡಿಮೆಯಲ್ಲ. ಹೆಣಿಗೆಯ ಕಡ್ಡಿ ಮೇಲೆದ್ದಿರಬಾರದು, ಅಷ್ಟೆ. ಆಲದ ಹಾಲು, ಬೇವಿನ ಅಂಟು ಹತ್ತಿದ ಹುರಿಯನ್ನು ತೊಳೆದು ನೆರಳಿನಲ್ಲಿ ಒಣಗಿಸಬೇಕು.

ಈ ಜಿಲ್ಲೆಯಲ್ಲಿ ಮರದಿಂದ ಮರಕ್ಕೆ ಗುಣ ಬೇರೆ. ರಾಣೆಬೆನ್ನೂರಿನ ಪಕ್ಕದಲ್ಲಿ, ಕೃಷ್ಣಮೃಗಗಳಿಗಾಗಿ 1974ರಲ್ಲಿ ಘೋಷಿತವಾದ ಸುಮಾರು 119 ಚದರ ಕಿಲೋಮೀಟರಿನ ಅಭಯಾರಣ್ಯದಲ್ಲಿ ನೀಲಗಿರಿ ನೆಡುತೋಪುಗಳೇ ಹೆಚ್ಚು. ಅಲ್ಲಿ ಹುರಿ ಎಸೆಯುವಂತಿಲ್ಲ. ಆದರೆ ಹೊಲದ ಬದುವಿನ ನೀಲಗಿರಿಯೂ ನಂಬಿಕೆಗೆ ಅರ್ಹವಲ್ಲ. ಗಾಳಿಯಿಲ್ಲದ ದಿನವೂ ಕೊಂಬೆ ಕಳಚುವ ಮರ ಅದು. ಆಲದಲ್ಲಿ ಬಿಳಲುಗಳ ನಡುವೆ ಹುರಿಗೆ ದಾರಿಯೇ ತಪ್ಪುತ್ತದೆ. ಜಾಲಿಯ ಮುಳ್ಳಿನ ಮಾತು ಬೇಡ. ಹಾನಗಲ್ಲ ಕಡೆಯ ಅಡಕೆಮರಕ್ಕೆ ಕವಲೇ ಇಲ್ಲವಾದ್ದರಿಂದ ಅಲ್ಲಿ ಕಾಲಿನ ತಳೆಯೇ ಗತಿ. ಎಲ್ಲವನ್ನೂ ತೂಗಿ ನೋಡಿದರೆ ಜೋಕಾಲಿಗೆ ಹುಣಸೆಗೆ ಸಮನಾದುದಿಲ್ಲ. ಕಾಷ್ಠ ಬಲು ಗಟ್ಟಿ, ಕೊಂಬೆಗಳ ಹರವು ವಿಶಾಲ. ಒಂದೇ ದೋಷವೆಂದರೆ ಇಕ್ಕಟ್ಟಾದ ಕವಲುಗಳು. ಚೀಲ ಅಲ್ಲಿ ಸಿಕ್ಕಿಬಿದ್ದರೆ ಜಗ್ಗಬಾರದು. ಹುರಿಯನ್ನು ಸಡಿಲಿಸಿ ಮೆಲ್ಲಗೆ ಅಲುಗಿಸಬೇಕು. ಚೀಲ ನೆಲಕ್ಕೆ ಬಂದಿದ್ದು ಹುರಿ ಬೇಡದ ಕೊಂಬೆಯ ಮೇಲೆ ಕೂತಿದ್ದರೆ ಚೀಲವನ್ನು ಬಿಚ್ಚಿ, ತುದಿಯಲ್ಲಿ ಗಂಟು ಉಳಿಯದಂತೆ ನೋಡಿಕೊಂಡು, ಬಂದ ದಾರಿಯಲ್ಲೇ ಹಿಂದಕ್ಕೆಳೆದರಾಯಿತು.

ಹಾವೇರಿಯಿಂದ ಮುಂದೆ ಸವಣೂರಿಗೆ ಹೋದವರು ದೊಡ್ಡಹುಣಸೆ ಕಲ್ಮಠವನ್ನು ನೋಡದೆ ಮರಳುವುದಿಲ್ಲ. ಹೆಸರಿಗೆ ದೊಡ್ಡ ಹುಣಸೆ. ನಿಜದಲ್ಲಿ ಅವು ಆಫ್ರಿಕಾ ಮೂಲದ ಬೇವೊಬಾಬ್ ಮರಗಳು, ಹತ್ತು ಮೀಟರಿಗೂ ಮೀರಿದ ಸುತ್ತಳತೆಯವು. ಶ್ರೀಕೃಷ್ಣನೇ ತಂದು ನೆಟ್ಟನೆಂಬ ನಂಬಿಕೆಯೂ ಉಂಟು. ಆನೆಯಂಥ ಆ ಮೈಯನ್ನು ಕಂಡು ಇದಕ್ಕಿಂತ ಭದ್ರವಾದ ಮರವುಂಟೆ ಎನ್ನಿಸುತ್ತದೆ. ಆದರೆ ಬೇವೊಬಾಬಿನ ಕಾಷ್ಠ ನೀರು ತುಂಬಿದ, ಸ್ಪಂಜಿನಂಥ ಮೆತ್ತನೆಯ ಕಾಷ್ಠ. ಮೂರರಲ್ಲೊಂದು 2023ರ ಜುಲೈ ತಿಂಗಳ ಮಳೆಗಾಲದಲ್ಲಿ ಉರುಳಿಬಿದ್ದಿತು. ಬಳಿಕ ಕೊಂಬೆಗಳನ್ನು ಸವರಿ, ಯಂತ್ರಗಳಿಂದ ಎತ್ತಿ ಅದನ್ನು ಮತ್ತೆ ನೆಲದಲ್ಲಿ ನಿಲ್ಲಿಸಿದರು. ಅಂಥ ವೃದ್ಧರ ಹೆಗಲಿಗೆ ಹುರಿಯನ್ನಾಗಲಿ ಹಗ್ಗವನ್ನಾಗಲಿ ಹಾಕತಕ್ಕದ್ದಲ್ಲ.

ಹೊರನೋಟವನ್ನು ನಂಬುವಂತಿಲ್ಲವೆಂದರೆ ಕೊಂಬೆಯನ್ನು ಪರೀಕ್ಷಿಸುವ ಬಗೆ ಯಾವುದು? ಎಲೆ ತುಂಬಿದ ಜೀವಂತ ಕೊಂಬೆಯಾಗಿರಬೇಕು. ಒಬ್ಬರು ಏರುವುದಕ್ಕೇ ಕನಿಷ್ಠ ನಾಲ್ಕು ಅಂಗುಲ ದಪ್ಪ ಬೇಕು. ಅಣಬೆ, ಪೊಟರೆ ಇರಬಾರದು. ಹಗ್ಗ ಕಾಂಡದ ಸಮೀಪದಲ್ಲಿ ಕೂರಬೇಕು. ಜೋಕಾಲಿಗೆ ಇನ್ನೂ ಹೆಚ್ಚಿನ ಬಲ ಬೇಕು. ಕೊಂಬೆಯ ಮಟ್ಟಕ್ಕೇರುವಂತೆ ಜೀಕಿದ ಜೋಕಾಲಿ ಕೆಳಗೆ ಹಾಯುವ ಕ್ಷಣದಲ್ಲಿ ಹಗ್ಗದ ಮೇಲಿನ ಸೆಳೆತ ಮೂರು ಪಾಲಾಗುತ್ತದೆ. 50 ಕಿಲೋ ತೂಕದ ಹುಡುಗಿ ಆಗ 150 ಕಿಲೋ ತೂಗುತ್ತಾಳೆ. ಇಬ್ಬರು ಎದುರುಬದುರಾಗಿ ನಿಂತು ಜೀಕಿದರೆ ಲೆಕ್ಕ ಇಮ್ಮಡಿ. ಆದುದರಿಂದ ಹಗ್ಗ ಏರಿದೊಡನೆ ಯಾರನ್ನೂ ಕೂರಿಸದೆ, ಮೊದಲು ಮೂವರು ದೊಡ್ಡವರು ಒಟ್ಟಿಗೆ ಜೋತುಬಿದ್ದು ನೋಡುವುದು ಲೇಸು. ಅದಕ್ಕೂ ಮೊದಲು ಒಮ್ಮೆ ತಲೆಯೆತ್ತಿ ವಿದ್ಯುತ್ ತಂತಿಗಳನ್ನು ಹುಡುಕಬೇಕು. ತಂತಿಯ ಹತ್ತಿರದ ಮರ ಎಷ್ಟೇ ಚೆಲುವಾಗಿದ್ದರೂ ಒದ್ದೆ ಹುರಿ ಎಸೆಯುವವನಿಗೆ ಯಮನ ಮನೆಯ ಬಾಗಿಲೇ ಸರಿ. ಎಸೆಯುವಾಗ ಮರದಡಿ ಮಕ್ಕಳು ನಿಲ್ಲಕೂಡದು.

ಹೆದ್ದಾರಿ ಅಗಲವಾದಂತೆ ಹಳೆಯ ಸಾಲುಮರಗಳು ಎಷ್ಟೋ ಹೋದವು. ಉಳಿದ ಗಿಡಗಳ ಮೇಲೆ ಪಂಚಮಿಯ ಭಾರ ಅಷ್ಟರಮಟ್ಟಿಗೆ ಹೆಚ್ಚು. ಹಗ್ಗ ಉಜ್ಜುವೆಡೆಯಲ್ಲಿ ಗೋಣಿಚೀಲದ ಮಡಿಕೆಯಿಟ್ಟರೆ ತೊಗಟೆ ಸುಲಿಯುವುದಿಲ್ಲ, ಹಗ್ಗವೂ ಬಾಳುತ್ತದೆ. ಹಬ್ಬ ಮುಗಿದ ಮೇಲೆ ಹಗ್ಗವನ್ನಿಳಿಸಿ ಹುರಿಯ ತುಂಡನ್ನು ಕೊಂಬೆಯಲ್ಲೇ ಬಿಟ್ಟು ಬರುವವರಿದ್ದಾರೆ. ಗಾಳಿಪಟದ ದಾರದಂತೆ ಅದೂ ಹಕ್ಕಿಯ ಕಾಲಿಗೆ ಉರುಳಾಗುತ್ತದೆ. ಇಳಿಸುವಾಗ ಹುರಿಯನ್ನು ಕಡೆಯ ಮೊಳದವರೆಗೂ ಎಳೆದುಕೊಂಡು, ಒರೆಸಿ, ಬುಟ್ಟಿಗೆ ಬಿಡಬೇಕು. ಹಗ್ಗ ಬಂಡಿಯ ಕೆಲಸಕ್ಕೆ ಮರಳುತ್ತದೆ. ಬುಟ್ಟಿ ಮುಂದಿನ ಶ್ರಾವಣದವರೆಗೆ ಅಟ್ಟವೇರುತ್ತದೆ.