ಬಾಳಿಕೆ ಬರುವ ಪಾಕಪಾತ್ರೆಗಳು

ಪಾಕದ ವಿಚಾರವಾಗಿ ಬರೆಯುವವರಿಗೆ ನಮ್ಮಲ್ಲಿ ಕೊರತೆಯಿಲ್ಲ. ಅಳತೆ ಇಷ್ಟು, ಉರಿ ಇಷ್ಟು, ಹೊತ್ತು ಇಷ್ಟು ಎಂದು ತಿಳಿಸುವವರು ಬಹುಮಂದಿ. ಆದರೆ ಆ ಪಾಕವನ್ನು ಹೊತ್ತು ಬೆಂಕಿಯನ್ನು ಎದುರಿಸುವ ಪಾತ್ರೆಯ ಮಾತನ್ನು ಎತ್ತುವವರು ವಿರಳ. ರೊಟ್ಟಿ ಸೀದರೆ ಮನೆಯ ಹೆಂಗಸರನ್ನು ದೂರುತ್ತೇವೆಯೇ ಹೊರತು ಪಾತ್ರೆಯ ದೋಷವನ್ನು ಯಾರೂ ವಿಚಾರಿಸುವುದಿಲ್ಲ. ಈಚೆಗೆ ದೊಡ್ಡ ಪಟ್ಟಣಗಳಲ್ಲಿ ಮಾತ್ರವಲ್ಲದೆ ಚಾಮರಾಜನಗರ, ಗುಂಡ್ಲುಪೇಟೆಗಳಂಥ ಊರುಗಳ ಮನೆಗಳಲ್ಲಿಯೂ ವಿದ್ಯುತ್ತಿನ ಓವನ್ ಬಂದು ಕುಳಿತಿರುವುದರಿಂದ, ಅದರೊಳಗೆ ಇಡತಕ್ಕ ಅಚ್ಚುಗಳನ್ನೂ ತಟ್ಟೆಗಳನ್ನೂ ಆರಿಸಿಕೊಳ್ಳುವ ಬಗೆಯನ್ನು ಹೇಳುವುದು ಅಪ್ರಸ್ತುತವಾಗಲಾರದು. ಮೂವತ್ತು ವರ್ಷ ಮಕ್ಕಳಿಗೆ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದ ಮೇಷ್ಟರಿಗೆ ಅಡಿಗೆಮನೆಯ ಅಧಿಕಾರ ಎಲ್ಲಿಂದ ಬಂತೆಂದು ವಾಚಕರು ಕೇಳಬಹುದು. ಆ ಕಾರಣವನ್ನು ಮುಂದೆ ನಿವೇದಿಸುತ್ತೇನೆ.

ಹಿಟ್ಟನ್ನು ಮೇಲೂ ಕೆಳಗೂ ಶಾಖ ಕೊಟ್ಟು ಬೇಯಿಸುವುದು ನಮಗೆ ಪರದೇಶದಿಂದ ಬಂದ ವಿದ್ಯೆಯಲ್ಲ. ಶ್ರೌತಯಾಗಗಳಲ್ಲಿ ಪುರೋಡಾಶವನ್ನು ಸಿದ್ಧಪಡಿಸುವ ಕ್ರಮವನ್ನು ನೋಡಬಹುದು. ಮಣ್ಣಿನ ಕಪಾಲಗಳನ್ನು, ಎಂದರೆ ಓಡಿನ ಬಿಲ್ಲೆಗಳನ್ನು, ಕೆಂಡದ ಮೇಲೆ ಒತ್ತಾಗಿ ಜೋಡಿಸಿ ಕಾಯಿಸಿ, ಅವುಗಳ ಮೇಲೆ ಹಿಟ್ಟಿನ ಮುದ್ದೆಯನ್ನು ಹರಡಿ, ಮೇಲೆ ಬಿಸಿಬೂದಿಯನ್ನು ಮುಚ್ಚಿ ಬೇಯಿಸುವರು. ಅಗ್ನಿಗೆ ಎಂಟು ಕಪಾಲಗಳ ಪುರೋಡಾಶ, ಇಂದ್ರಾಗ್ನಿಗಳಿಗೆ ಹನ್ನೊಂದರದು, ಹೀಗೆ ದೇವತೆಗೆ ತಕ್ಕ ಲೆಕ್ಕವೂ ಉಂಟು. ಅಮರಕೋಶದ ವೈಶ್ಯವರ್ಗದಲ್ಲಿ ಹುರಿಯುವ ಬಾಣಲೆಗೆ ಭ್ರಾಷ್ಟ್ರ, ಅಂಬರೀಷ ಎಂಬ ಹೆಸರುಗಳೂ, ಹಿಟ್ಟು ಬೇಯಿಸುವ ಕಾವಲಿಗೆ ಋಜೀಷ, ಪಿಷ್ಟಪಚನ ಎಂಬ ಹೆಸರುಗಳೂ ಬಂದಿವೆ. ಏಕಾದಶೀವ್ರತಕ್ಕೆ ಹೆಸರಾದ ಅಂಬರೀಷ ಮಹಾರಾಜನೂ ಬಾಣಲೆಯೂ ಒಂದೇ ಹೆಸರಿನವರೆಂದು ಹೇಳಿದಾಗ ತರಗತಿಯ ಹುಡುಗರು ನಗದ ವರ್ಷವೇ ಇರಲಿಲ್ಲ. ನಮ್ಮ ಕನ್ನಡವೂ ಕಡಮೆಯದಲ್ಲ. ಮನೆಯ ಮೇಲೆ ಹೊದಿಸುವುದೂ ಹೆಂಚು, ಒಲೆಯ ಮೇಲೆ ಇಡುವುದೂ ಹೆಂಚು. ಒಂದು ಬಿಸಿಲನ್ನು ತಡೆಯಬೇಕು, ಇನ್ನೊಂದು ಬೆಂಕಿಯನ್ನು ತಡೆಯಬೇಕು.

ಇನ್ನು ನನ್ನ ಅಧಿಕಾರದ ಮಾತು. ನಮ್ಮ ಹಿರಿಯ ಮಗ ಮೂರು ವರ್ಷದ ಕೆಳಗೆ ಕಾಯಿಲೆ ಬಿದ್ದು ಉದ್ಯೋಗವನ್ನು ಬಿಡಬೇಕಾಯಿತು. ಗುಂಡ್ಲುಪೇಟೆಯ ಮನೆಯಲ್ಲಿ ಸೊಸೆ ಧೈರ್ಯಗೆಡದೆ ರಾಗಿ ಬಿಸ್ಕತ್ತು, ಬ್ರೆಡ್ಡುಗಳನ್ನು ಮಾಡಿ ಚಹದಂಗಡಿಗಳಿಗೆ ಒದಗಿಸತೊಡಗಿದಳು. ಗುಂಡ್ಲುಪೇಟೆಯಲ್ಲಿ ಹಾದಿ ಕವಲೊಡೆದು ಒಂದು ಉದಕಮಂಡಲಕ್ಕೂ ಇನ್ನೊಂದು ವಯನಾಡಿಗೂ ಹೋಗುತ್ತದೆ. ಬಂಡೀಪುರದ ಕಾಡಿನ ಹಾದಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನಗಳನ್ನು 2009ರಲ್ಲಿ ನಿಷೇಧಿಸಿದಂದಿನಿಂದ, ಮುಂಜಾನೆ ಗೇಟು ತೆರೆಯುವುದನ್ನು ಕಾಯುವ ಪ್ರಯಾಣಿಕರು ಚಹದಂಗಡಿಗಳ ಮುಂದೆ ನಿಂತಿರುತ್ತಾರೆ. ಆದಕಾರಣ ಸರಕಿಗೆ ಬೇಡಿಕೆಯಿತ್ತು. ಆದರೆ ಅವಳು ಅಗ್ಗವೆಂದು ಕೊಂಡ ಎಂಟು ತಗಡಿನ ತಟ್ಟೆಗಳು ಎರಡು ತಿಂಗಳಲ್ಲಿ ಬಾಗಿ ಹಪ್ಪಳದಂತಾದವು. ಬಿಸ್ಕತ್ತಿನ ಒಂದು ಸಾಲು ಕರಿಕಾದರೆ ಇನ್ನೊಂದು ಸಾಲು ಹಸಿ. ಅಂಗಡಿಯವನೊಬ್ಬ ಒಂದು ದಿನದ ಸರಕನ್ನು ಪೂರ್ತಿ ಹಿಂದಕ್ಕೆ ಕಳುಹಿಸಿದನು. ಮಗನ ಔಷಧಕ್ಕೆ ಹಣ ಬರುತ್ತಿದ್ದುದು ಆ ಸರಕಿನಿಂದ. "ಮಾವ, ಹೊಸ ತಟ್ಟೆ ಕೊಳ್ಳುವುದಾದರೆ ಇದೇ ಕೊನೆ. ಇನ್ನೊಂದು ಸಲಕ್ಕೆ ದುಡ್ಡಿಲ್ಲ. ನೀವೇ ನೋಡಿ ತನ್ನಿ" ಎಂದಳು. ಅಂದಿನಿಂದ ನಾನು ಪಾತ್ರೆಯಂಗಡಿಗಳ ಜಗಲಿ ಹತ್ತಿದೆನು. ಕಂಡುಕೊಂಡದ್ದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದಾಗಿ ದಪ್ಪ. ಲೋಹವು ಕಾದರೆ ಹಿಗ್ಗುವುದು. ತೆಳುವಾದ ತಗಡು ಒಂದು ಕಡೆ ಬೇಗ ಕಾದು ಹಿಗ್ಗಿ, ಇನ್ನೊಂದು ಕಡೆ ಹಾಗೆಯೇ ಇದ್ದರೆ, ಆ ಜಗ್ಗಾಟದಲ್ಲಿ ತಟ್ಟೆಯು ಸೊಟ್ಟಗಾಗುತ್ತದೆ. ಓವನ್ನಿನೊಳಗೆ "ಟಣ್" ಎಂದು ಸದ್ದು ಕೇಳುವುದು ಇದರಿಂದಲೇ. ಅಂಗಡಿಯಲ್ಲಿ ತಟ್ಟೆಯ ನಡುವೆ ಎರಡು ಹೆಬ್ಬೆರಳಿಟ್ಟು ಒತ್ತಿ ನೋಡಬೇಕು. ಒಳಕ್ಕೆ ತಗ್ಗಿದರೆ ಅದನ್ನು ಅಲ್ಲಿಯೇ ಬಿಡುವುದು ಮೇಲು. ಎದುರುಬದುರಿನ ಮೂಲೆಗಳನ್ನು ಹಿಡಿದು ಹಿಂಡಿದರೂ ಅದು ತಿರುಚಿಕೊಳ್ಳಬಾರದು. ಅಂಚಿನೊಳಗೆ ಕಂಬಿಯಿಟ್ಟು ಸುರುಳಿಯಾಗಿ ಮಡಿಸಿದ್ದರೆ ತಟ್ಟೆಗೆ ಬೆನ್ನೆಲುಬು ಬಂದಂತೆ.

ಎರಡನೆಯದು ಲೋಹದ ಜಾತಿ. ಅಲ್ಯೂಮಿನಿಯಂ ಪಾತ್ರೆಗಳ ಕೈಗಾರಿಕೆಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಬೆಳೆಸಿದವರು ಆಲ್ಫ್ರೆಡ್ ಚಾಟರ್ಟನ್. ಅವರೇ ಮುಂದೆ 1912ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಕೈಗಾರಿಕೆಯ ಇಲಾಖೆಯನ್ನು ನಡೆಸಿದರು. ಈ ಲೋಹವು ಶಾಖವನ್ನು ಸ್ಟೀಲಿಗಿಂತ ಹತ್ತು ಪಾಲಿಗೂ ಮೇಲಾಗಿ ಬೇಗ ಹರಡುವುದು. ಆದ್ದರಿಂದ ಕೇಕು, ಬ್ರೆಡ್ಡು, ಬಿಸ್ಕತ್ತುಗಳಿಗೆ ದಪ್ಪನೆಯ ಅಲ್ಯೂಮಿನಿಯಂ ಉತ್ತಮ. ಹುಣಿಸೆ, ನಿಂಬೆ, ಟೊಮೇಟೊಗಳಂಥ ಹುಳಿ ಇದಕ್ಕಾಗದು. ಬಟ್ಟೆಸೋಡಾ ಹಾಕಿ ತಿಕ್ಕಿದರೂ ಕಪ್ಪಾಗಿ ಸವೆಯುವುದು. ಹುಳಿ ಬೆರೆತ ಪದಾರ್ಥಕ್ಕೆ ಸ್ಟೀಲು ಸರಿ. ಆದರೆ ಶಾಖವನ್ನು ಸಮನಾಗಿ ಹರಡದಿರುವುದರಿಂದ ಅದರಲ್ಲಿ ಹಿಟ್ಟಿನ ಪದಾರ್ಥಗಳು ಅಲ್ಲಲ್ಲಿ ಸೀಯುವ ಭಯವುಂಟು. ಕಡಲೆಕಾಯಿ, ಗೆಡ್ಡೆಗೆಣಸುಗಳನ್ನು ಹುರಿಯುವುದಕ್ಕೆ ಎರಕದ ಕಬ್ಬಿಣಕ್ಕೆ ಸಮನಿಲ್ಲ. ನಿಧಾನವಾಗಿ ಕಾಯುವುದು, ಕಾದ ಮೇಲೆ ಬಹಳ ಹೊತ್ತು ಶಾಖವನ್ನು ಹಿಡಿದಿಡುವುದು. ಕೆಳಕ್ಕೆ ಬಿದ್ದರೆ ಒಡೆಯುವುದೆಂಬುದೊಂದೇ ದೋಷ.

ತವರ ಲೇಪಿಸಿದ ತಗಡಿನ ಅಚ್ಚುಗಳು ಹೊಸತಾಗಿದ್ದಾಗ ಕಣ್ಣಿಗೆ ಅಂದ. ಗೀರು ಬಿದ್ದರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುವುದು. ತವರವು 232 ಡಿಗ್ರಿ ಶಾಖಕ್ಕೆ ಕರಗುವ ಲೋಹ. ಹಿತ್ತಾಳೆ ಪಾತ್ರೆಗಳಿಗೆ ನವಸಾಗರ ಹಾಕಿ ಕಲಾಯಿ ಮಾಡಿಸುತ್ತಿದ್ದ ಕಾಲದಲ್ಲಿ, ಬರಿಯ ಪಾತ್ರೆಯನ್ನು ಉರಿಯ ಮೇಲಿಡಬಾರದೆಂದು ನಮ್ಮ ತಾಯಿಯವರು ಪದೇ ಪದೇ ಎಚ್ಚರಿಸುತ್ತಿದ್ದುದಕ್ಕೆ ಇದೇ ಕಾರಣ. ನೀರೋ ಹಾಲೋ ಇದ್ದರೆ ಶಾಖ 100 ಡಿಗ್ರಿಯನ್ನು ಮೀರಿ ಹೆಚ್ಚು ಹೋಗದು. ಬರಿದಾಗಿದ್ದರೆ ಕಲಾಯಿ ಕರಗಿ ಹರಿಯುವುದು. ಕಲಾಯಿ ಪಾತ್ರೆಯನ್ನು ಓವನ್ನಿನಲ್ಲಿ ಇಡಬಯಸುವವರು ಈ ಮಾತನ್ನು ಮರೆಯಲಾಗದು.

ಅಂಟದ ಲೇಪದ ನಾನ್‌ಸ್ಟಿಕ್ ಪಾತ್ರೆಗಳು ಇಂದು ಎಲ್ಲೆಲ್ಲಿಯೂ ಇವೆ. ಆ ಲೇಪವನ್ನು 1938ರಲ್ಲಿ ರಾಯ್ ಪ್ಲಂಕೆಟ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞರು ಬೇರೊಂದು ಪ್ರಯೋಗದ ನಡುವೆ ಅಕಸ್ಮಾತ್ತಾಗಿ ಕಂಡುಹಿಡಿದರು. ಸುಮಾರು 260 ಡಿಗ್ರಿಯನ್ನು ಮೀರಿ ಕಾಯಿಸಿದರೆ ಲೇಪವು ಕೆಡಲಾರಂಭಿಸುವುದು. ಇನ್ನೂ ಕಾದರೆ ಹೊರಡುವ ಹೊಗೆಗೆ ಪಂಜರದ ಗಿಣಿಯಂಥ ಪಕ್ಷಿಗಳು ಸತ್ತದ್ದುಂಟು. ಮಿತವಾದ ಶಾಖದಲ್ಲಿ, ಮರದ ಸಟ್ಟುಗದಿಂದ ಬಳಸಿದರೆ ಭಯವಿಲ್ಲ. ಆದರೂ ಲೇಪವು ಎಂದಾದರೂ ಸವೆಯತಕ್ಕದ್ದೇ. ಬಾಳಿಕೆಯನ್ನು ಬಯಸುವವರು ಲೇಪವನ್ನು ನಂಬದೆ ಲೋಹವನ್ನೇ ನಂಬುವುದು ಲೇಸು.

ಮೂರನೆಯದು ಬಣ್ಣ ಮತ್ತು ಅಳತೆ. ಕರಿಯ ತಟ್ಟೆ ಶಾಖವನ್ನು ಹೀರುವುದು. ಅದರಲ್ಲಿ ಬ್ರೆಡ್ಡಿನ ಹೊರಮೈ ಬೇಗ ಕೆಂಪಾಗುವುದು. ಹೊಳೆಯುವ ತಟ್ಟೆ ಶಾಖವನ್ನು ಹಿಂದಕ್ಕೆ ಎಸೆಯುವುದರಿಂದ ಬಿಸ್ಕತ್ತಿನ ತಳ ಸೀಯದು. ತಟ್ಟೆಯ ಸುತ್ತಲೂ ಎರಡು ಅಂಗುಲವಾದರೂ ತೆರಪು ಇರಬೇಕು; ಇಲ್ಲದಿದ್ದರೆ ಬಿಸಿಗಾಳಿ ಸುತ್ತುವುದಕ್ಕೆ ದಾರಿಯಿಲ್ಲ. ಓವನ್ನಿನ ಒಳಗಿನ ಅಳತೆಯನ್ನು ದಾರದಲ್ಲಿ ತೆಗೆದುಕೊಂಡೇ ಅಂಗಡಿಗೆ ಹೋಗತಕ್ಕದ್ದು. ಸ್ಟೀಲು, ಅಲ್ಯೂಮಿನಿಯಂ ಪಾತ್ರೆಗಳಿಗೆ ಐಎಸ್‌ಐ ಗುರುತು ಕಡ್ಡಾಯವೆಂದು ಸರ್ಕಾರವು 2024ರಲ್ಲಿ ಆಜ್ಞೆ ಮಾಡಿದೆಯಾಗಿ, ಆ ಗುರುತನ್ನೂ ನೋಡುವುದು ಒಳ್ಳೆಯದು.

ಕೊಂಡ ಮೇಲೆ ಕಾಪಾಡುವುದು ನಮ್ಮ ಕೈಯಲ್ಲಿದೆ. ಕಬ್ಬಿಣವನ್ನು ತೊಳೆದು, ಒಲೆಯ ಮೇಲಿಟ್ಟು ತೇವವನ್ನಾರಿಸಿ, ತೆಳ್ಳಗೆ ಎಣ್ಣೆ ಸವರಿ ಮತ್ತೆ ಕಾಯಿಸಬೇಕು. ಆ ಎಣ್ಣೆಯೇ ಬೆಂಕಿಗೆ ಗಟ್ಟಿಯಾಗಿ ಕರಿಯ ಪೊರೆಯಾಗುವುದು. ಅಜ್ಜಿಯರ ಕಾಲದ ಕಾವಲಿಯಲ್ಲಿ ದೋಸೆ ಸಲೀಸಾಗಿ ಏಳುವುದು ಈ ಪೊರೆಯಿಂದ. ಕಾದ ತಟ್ಟೆಯನ್ನು ತಣ್ಣೀರಿಗೆ ಹಾಕುವ ಚಾಳಿಯನ್ನು ಮಾತ್ರ ಬಿಡಲೇಬೇಕು. ಒಳ್ಳೆಯ ತಟ್ಟೆಗಳೂ ಬಾಗುವುದು ಇದರಿಂದ.

ನಾನು ಕೊನೆಗೆ ಮೈಸೂರಿನಲ್ಲಿ ತೂಕದ ಲೆಕ್ಕದಲ್ಲಿ ದಪ್ಪ ಅಲ್ಯೂಮಿನಿಯಮ್ಮಿನ ನಾಲ್ಕೇ ತಟ್ಟೆಗಳನ್ನು ಕೊಂಡೆನು. ಎಂಟು ತಗಡಿನ ತಟ್ಟೆಗಳಿಗೆ ಕೊಟ್ಟದ್ದರ ಎರಡರಷ್ಟು ಬೆಲೆಯಾಯಿತು. ಎಂಟರ ಕೆಲಸವನ್ನು ನಾಲ್ಕು ಮಾಡಬೇಕಾದ್ದರಿಂದ ಸೊಸೆ ಬೆಳಗಿನ ಜಾವ ಒಂದು ಗಂಟೆ ಮುಂಚೆ ಏಳಬೇಕಾಯಿತು. ಒಂದೂವರೆ ವರ್ಷ ಕಳೆದಿದೆ. ನೆಲದ ಮೇಲಿಟ್ಟರೆ ನಾಲ್ಕೂ ಅಲುಗದೆ ಕೂರುತ್ತವೆ. ಸರಕನ್ನು ಹಿಂದಕ್ಕೆ ಕಳುಹಿಸಿದ್ದ ಅಂಗಡಿಯವನೇ ಈಗ ಮುಂಗಡ ಕೊಟ್ಟು ತರಿಸಿಕೊಳ್ಳುತ್ತಾನೆ. ಮಗನ ಔಷಧ ತಪ್ಪಿಲ್ಲ. ಐದನೆಯ ತಟ್ಟೆಯನ್ನು ಅವಳು ತನ್ನ ಸಂಪಾದನೆಯಿಂದಲೇ ತಂದಿದ್ದಾಳೆ. ಕೊಳ್ಳುವ ಮುನ್ನ ಹೆಬ್ಬೆರಳಿಟ್ಟು ಒತ್ತಿ ನೋಡಿದಳೆಂದು ಕೇಳಿ ಸಂತೋಷಪಟ್ಟೆನು.

ಹೊಸ ಸಂಸಾರ ಹೂಡುವವರು ಹತ್ತು ಪಾತ್ರೆಗಳ ಜೊತೆಯನ್ನು ಒಮ್ಮೆಗೇ ಕೊಳ್ಳುವುದಕ್ಕಿಂತ, ಒಂದು ದಪ್ಪ ತಟ್ಟೆ, ಒಂದು ಅಚ್ಚು, ಒಂದು ಕಬ್ಬಿಣದ ಬಾಣಲೆ ಇಷ್ಟರಿಂದ ಆರಂಭಿಸಿ, ಕೆಲಸ ಬಿದ್ದಂತೆ ಒಂದೊಂದನ್ನು ಸೇರಿಸಿಕೊಳ್ಳುವುದು ಮೇಲೆಂದು ನನ್ನ ಅಭಿಪ್ರಾಯ. ಬೇರೆ ಸೀಮೆಯ ಗೃಹಿಣಿಯರು ತಮ್ಮ ಅನುಭವವನ್ನೂ ಬರೆದು ತಿಳಿಸಿದಲ್ಲಿ ವಾಚಕರೆಲ್ಲರಿಗೂ ಉಪಕಾರವಾದೀತು.