ಬೆನ್ನಿಗೆ ಮಣ್ಣು ಹತ್ತಿದ ಮೇಲೆ

ಧಾರವಾಡದಿಂದ ಅಣ್ಣನ ಫೋನು ಬಂತೆಂದರೆ ಸಾಮಾನ್ಯವಾಗಿ ಹೊಲದ ವಿಷಯ, ಇಲ್ಲವೆ ಯಾರದಾದರೂ ಮದುವೆಯ ವಿಷಯ. ಈ ಸಲ ಹಾಗಿರಲಿಲ್ಲ. "ಹುಡುಗ ನಿನ್ನ ಹತ್ರ ಬರ್ಲಿಕ್ಕತ್ತಾನ. ಕುಸ್ತಿ ಬಿಟ್ಟು ಅದೇನೋ ಪಂಜರದಾಗ ಬಡಿದಾಡ್ತೀನಿ ಅಂತಾನ. ನೀ ಸ್ವಲ್ಪ ಬುದ್ಧಿ ಹೇಳು" ಎಂದ.

ಬುದ್ಧಿ ಹೇಳಲು ನನಗೆಲ್ಲಿಯ ಅರ್ಹತೆ? ತಂದೆಯವರು ಗರಡಿಯ ಪೈಲ್ವಾನರು, ಅಣ್ಣನೂ ಲಂಗೋಟಿ ಕಟ್ಟಿದವನು. ನಾನು ನಾಲ್ಕು ದಿನ ಬೈಠಕ್ ಹೊಡೆದು ಐದನೆಯ ದಿನ ಕಾಲು ಹಿಡಿದುಕೊಂಡು ಮಲಗಿದವನು. ಮುಂಬಯಿಗೆ ಬಂದು ಮೂವತ್ತು ವರ್ಷ ಲೆಕ್ಕ ಬರೆದೆ. ಲೋಕಲ್ ಗಾಡಿ ಹತ್ತಿ ಇಳಿದದ್ದೇ ನನ್ನ ಕುಸ್ತಿ. ಆದರೂ ಹನುಮಂತದೇವರ ಪಟ, ಎಣ್ಣೆ ಬೆರೆಸಿದ ಕೆಂಪು ಮಣ್ಣಿನ ವಾಸನೆ, "ಬೆನ್ನಿಗೆ ಮಣ್ಣು ಹತ್ತಿತೋ, ಮುಗೀತು" ಎನ್ನುವ ವಸ್ತಾದರ ಮಾತು, ಇವು ಮರೆತಿಲ್ಲ.

ಹುಡುಗ ಬಂದವನೇ, ಚಹಾ ಮುಟ್ಟುವ ಮೊದಲೇ ಮೊಬೈಲು ಹಿಡಿದು, "ಕಾಕಾ, ಇದನ್ನ ನೋಡ್ರಿ, ಆಮ್ಯಾಲೆ ಬೈರಿ" ಎಂದ.

ಋತು ಫೋಗಟ್, ಹರಿಯಾಣದ ಬಲಾಲಿಯ ಮಹಾವೀರ ಸಿಂಗರ ಮಗಳು. 2016ರಲ್ಲಿ ನಾವೆಲ್ಲ ಕಣ್ಣೊರೆಸಿಕೊಳ್ಳುತ್ತ ನೋಡಿದ 'ದಂಗಲ್' ಇವರ ಮನೆಯದೇ ಕಥೆ. ಗೀತಾ, ಬಬಿತಾ ಇವಳ ಅಕ್ಕಂದಿರು. 2017ರಲ್ಲಿ 23 ವರ್ಷದೊಳಗಿನವರ ವಿಶ್ವ ಕುಸ್ತಿಯಲ್ಲಿ 48 ಕಿಲೋ ವಿಭಾಗದ ಬೆಳ್ಳಿ ಗೆದ್ದವಳು. 2019ರಲ್ಲಿ, ಟೋಕಿಯೋ ಒಲಿಂಪಿಕ್ಸ್ ಆಸೆಯನ್ನೂ ಬಿಟ್ಟು ಸಿಂಗಪುರಕ್ಕೆ ಹೋಗಿ, ಮಿಕ್ಸ್‌ಡ್ ಮಾರ್ಷಲ್ ಆರ್ಟ್ಸ್ ಕಲಿಯಲು ನಿಂತಳು. ಗುದ್ದು, ಒದೆ, ಕತ್ತು ಅಮುಕುವುದು, ಕೀಲು ತಿರುವುವುದು, ಎಲ್ಲಕ್ಕೂ ಅಲ್ಲಿ ಅವಕಾಶ. ಅದೇ ನವೆಂಬರಿನಲ್ಲಿ ಬೀಜಿಂಗಿನಲ್ಲಿ ಮೊದಲ ಸ್ಪರ್ಧೆ. ಎದುರಾಳಿಯನ್ನು ಕೆಡವಿ ಗುದ್ದಿ, ಮೊದಲ ಸುತ್ತಿನಲ್ಲೇ ಗೆಲುವು. ಮೊದಲ ನಾಲ್ಕೂ ಸ್ಪರ್ಧೆಗಳನ್ನು ಗೆದ್ದಳು.

"ಕೆಡವೋದು ನಮ್ಮ ಪಟ್ಟಽ ಅಲ್ಲೇನ್ರಿ?"

"ಸೋತದ್ದು ಇಲ್ಲೇನು?" ಎಂದೆ.

ಹುಡುಗ ಸ್ವಲ್ಪ ತಡೆದು ಇನ್ನೊಂದು ತೋರಿಸಿದ. 2021ರ ಡಿಸೆಂಬರಿನ ಫೈನಲ್. ಎದುರಿಗೆ ಥಾಯ್ಲಂಡಿನ ಸ್ಟಾಂಪ್ ಫೇರ್‌ಟೆಕ್ಸ್, ಮುಯ್ ಥಾಯ್‌ನಲ್ಲಿ ಬೆಳೆದವಳು. ಋತು ಅವಳನ್ನು ಕೆಡವಿದಳು. ನಮ್ಮೂರ ಕಣವಾಗಿದ್ದರೆ ಹಲಗೆ ಬಾರಿಸುತ್ತಿದ್ದರು. ಇಲ್ಲಿ ಬೆನ್ನು ನೆಲಕ್ಕೆ ಹತ್ತಿದರೆ ಏನೂ ಮುಗಿಯುವುದಿಲ್ಲ. ಕೆಳಗಿದ್ದವಳು ಕಾಲಿನಲ್ಲಿ ಇವಳನ್ನು ಸಿಕ್ಕಿಸಿಕೊಂಡು, ತೋಳೆಳೆದು ಮೊಳಕೈ ಹಿಂದಕ್ಕೆ ಬಗ್ಗಿಸಿದಳು. ಎರಡನೆಯ ಸುತ್ತಿನಲ್ಲಿ ಋತು ಸೋಲೊಪ್ಪಿದಳು.

ಆ ಭಾಗವನ್ನು ಮೂರು ಸಲ ನೋಡಿದೆ. ಮೇಲಿದ್ದವಳು ಸೋತದ್ದು ನನ್ನ ತಲೆಗೆ ಹತ್ತಲೊಲ್ಲದು. ಹುಡುಗ ತಾಳ್ಮೆಯಿಂದ ಹೇಳಿದ: ಕುಸ್ತಿಯವನು ಚಿತ್ ಆಗಬಾರದೆಂದು ಹೊಟ್ಟೆಯ ಮೇಲೆ ಹೊರಳುತ್ತಾನೆ, ಇಲ್ಲಿ ಹಾಗೆ ಹೊರಳಿದರೆ ಬೆನ್ನೇರಿ ಕತ್ತು ಹಿಡಿಯುತ್ತಾರೆ. ಹತ್ತು ವರ್ಷ ಮೈಗೆ ಕಲಿಸಿದ್ದರಲ್ಲಿ ಅರ್ಧವನ್ನು ಮೈಯಿಂದಲೇ ಮರೆಯಿಸಬೇಕು.

"ಮತ್ತ ನೌಕರಿ?"

ಕ್ರೀಡಾ ಕೋಟಾದ ಸರಕಾರಿ ನೌಕರಿಯ ಆಸೆಗೇ ಅಣ್ಣ ಹೊಲ ಒತ್ತೆಯಿಟ್ಟು ಇವನಿಗೆ ಹಾಲು, ಬಾದಾಮಿ ಹಾಕಿದ್ದು. ಹುಡುಗನಿಗೂ ಅದು ಗೊತ್ತು. ತಲೆ ತಗ್ಗಿಸಿ, "ನನಗೀಗ ಇಪ್ಪತ್ನಾಲ್ಕು, ಕಾಕಾ. ಕುಸ್ತಿ ಬಿಟ್ಟಾಗ ಆಕಿಗೂ ಅಷ್ಟಽ ಇತ್ತು" ಎಂದ. ಚಹಾ ಆರಿಹೋಗಿತ್ತು.

ರಾತ್ರಿ ಅಣ್ಣ ಫೋನು ಮಾಡಿದ. "ಹೇಳಿದೇನು?"

"ನಾಳೆ ಅವನ ಜೋಡಿ ಆ ತಾಲೀಮಿನ ಜಾಗಾ ನೋಡಿ ಬರ್ತೀನಿ, ಅಣ್ಣಾ."

ಅವನು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಕೇಳಿದ: "ಅಲ್ಲಿ ಮಣ್ಣು ಇರ್ತದೇನು?"

"ಇಲ್ಲ. ಮ್ಯಾಟು."